ಸೆನ್ಸರ್ ಮೊದಲಾ, ಹೊಂಡ ಮೊದಲಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಹವಾಮಾನ ಹೀಗೆ ಬದಲಾಗುತ್ತಿರುವಾಗ ಸ್ಮಾರ್ಟ್ ಕೃಷಿಗೆ ದುಡ್ಡು ಹಾಕಬಹುದಾ ಅಂತ ಕೇಳಿ ರಾಶಿ ಪತ್ರ ಬಂದಿವೆ. ಒಂದೇ ಥರದವನ್ನು ಸೇರಿಸಿ ಏಳನ್ನು ಆರಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದ ಆಗಿದೆ, ಯಾಕೆಂದರೆ ಅಲ್ಲಿ ಜನ ದುಡ್ಡು ಕಳೆದುಕೊಳ್ಳುವುದನ್ನು ನೋಡಿದ್ದೇನೆ.

ಪ್ರಶ್ನೆ: ಸರ್, ನನಗೆ ನಾಲ್ಕು ಎಕರೆ ಇದೆ, ತರಕಾರಿ ಬೆಳೆಯುತ್ತೇನೆ. ಒಂದು ವರ್ಷ ಒಣಗಿ ಹೋಗುತ್ತದೆ, ಮುಂದಿನ ವರ್ಷ ಕೊಚ್ಚಿಕೊಂಡು ಹೋಗುತ್ತದೆ. ಒಂದು ಕಂಪನಿಯವರು ಮಣ್ಣಿನ ಸೆನ್ಸರ್, ಹವಾಮಾನ ಯಂತ್ರ, ಆಟೋಮ್ಯಾಟಿಕ್ ವಾಲ್ವ್ ಎಲ್ಲ ಸೇರಿಸಿ ಒಂದು ಪ್ಯಾಕೇಜ್ ತೋರಿಸಿದ್ದಾರೆ. ಕೈಯಲ್ಲಿ ಸ್ವಲ್ಪ ದುಡ್ಡಿದೆ, ಉಳಿದದ್ದಕ್ಕೆ ಸಾಲ ಮಾಡಬೇಕು. ತಗೊಳ್ಳಲಾ?

ಸಾಲ ಮಾಡಿ ಇಡೀ ಪ್ಯಾಕೇಜ್ ಒಂದೇ ಸಲ ತಗೋಬೇಡಿ. ಯಾಕೆ ಅಂತ ಹೇಳುತ್ತೇನೆ.

ನೀವು ಕಂಡದ್ದು ನಿಜ. 2011ರಿಂದ 2020ರವರೆಗಿನ ಹತ್ತು ವರ್ಷಗಳಲ್ಲಿ ಭೂಮಿಯ ಸರಾಸರಿ ತಾಪಮಾನ 1850–1900ರ ಕಾಲಕ್ಕಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಜಾಸ್ತಿ ಇತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರಲ್ಲಿ ಹಿಡಿಯುವ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಮಳೆ ಇಲ್ಲದ ದಿನ ಅದೇ ಗಾಳಿ ಮಣ್ಣಿನಿಂದ, ಎಲೆಯಿಂದ ಜಾಸ್ತಿ ನೀರು ಎಳೆದುಕೊಳ್ಳುತ್ತದೆ. ಸುರಿಯುವ ದಿನ ಒಟ್ಟಿಗೇ ಸುರಿದುಬಿಡುತ್ತದೆ. ಒಣಗುವುದಕ್ಕೂ ಕೊಚ್ಚಿಹೋಗುವುದಕ್ಕೂ ಮೂಲ ಒಂದೇ.

ಈಗ ಒಂದು ಲೆಕ್ಕ ಹಾಕೋಣ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್. ಒಂದು ಎಕರೆಗೆ 4,047 ಲೀಟರ್. 50 ಮಿ.ಮೀ. ಮಳೆ ಒಂದೇ ಸಂಜೆ ಬಿದ್ದರೆ ಎಕರೆಗೆ ಎರಡು ಲಕ್ಷ ಲೀಟರ್ ಬಿದ್ದ ಹಾಗೆ. ಬಿಸಿಲು ಚೆನ್ನಾಗಿರುವ ದಿನ ಮೈತುಂಬ ಬೆಳೆದ ಪೈರು 5 ಮಿ.ಮೀ. ಕುಡಿಯುತ್ತದೆ ಅಂತ ಇಟ್ಟುಕೊಳ್ಳಿ, ಅದು ಎಕರೆಗೆ ದಿನಕ್ಕೆ 20,000 ಲೀಟರ್. ಅಂದರೆ ಆ ಒಂದು ಸಂಜೆಯ ಮಳೆ ಹತ್ತು ದಿನದ ನೀರು. ಪೂರ್ತಿ ಹಿಡಿಯಲು ಆಗುವುದಿಲ್ಲ, ಒಂದಷ್ಟು ಇಂಗುತ್ತದೆ, ಒಂದಷ್ಟು ಹರಿಯುತ್ತದೆ. ಆದರೆ ಹರಿದು ಹೋಗುವುದರಲ್ಲಿ ಅರ್ಧ ಹೊಂಡಕ್ಕೆ ಬಂದರೂ ಒಂದಷ್ಟು ದಿನ ಗೆದ್ದ ಹಾಗೆ ಅಲ್ವಾ? ಯಾವ ಸೆನ್ಸರೂ ಇಲ್ಲದ ನೀರನ್ನು ತಂದುಕೊಡುವುದಿಲ್ಲ.

ಹಾಗಾಗಿ ನಿಮ್ಮ ದುಡ್ಡು ಮೊದಲು ಹೋಗಬೇಕಾದ್ದು ನೀರು ನಿಲ್ಲಿಸುವುದಕ್ಕೆ, ಹೆಚ್ಚಾದ ನೀರು ಹೊರಗೆ ಹೋಗುವ ಕಾಲುವೆಗೆ, ಮಣ್ಣಿನ ಮೇಲೆ ಹೊದಿಕೆಗೆ. ಆಮೇಲೆ ಒಳ್ಳೆಯ ಫಿಲ್ಟರ್ ಇರುವ ಡ್ರಿಪ್, ಅಂದರೆ ಹನಿ ನೀರಾವರಿ. ಡ್ರಿಪ್ ಆಗಲೇ ಇದ್ದರೆ ಅದು ಸರಿಯಾಗಿ ಕೆಲಸ ಮಾಡುತ್ತಿದೆಯಾ ನೋಡಿ: ಪೈಪಿನ ತಲೆಯಲ್ಲಿ, ನಡುವೆ, ತುದಿಯಲ್ಲಿ ಡ್ರಿಪ್ಪರ್ ಕೆಳಗೆ ಒಂದೇ ಅಳತೆಯ ಲೋಟ ಇಟ್ಟು ಹತ್ತು ನಿಮಿಷ ಬಿಡಿ. ತುದಿಯ ಲೋಟದಲ್ಲಿ ಅರ್ಧ ನೀರು ಇದ್ದರೆ, ಅದರ ಮೇಲೆ ಎಂಥ ಆಟೋಮ್ಯಾಟಿಕ್ ವಾಲ್ವ್ ಕೂರಿಸಿದರೂ ಅದು ತಪ್ಪನ್ನೇ ಸರಿಯಾದ ಹೊತ್ತಿಗೆ ಮಾಡುತ್ತದೆ ಅಷ್ಟೆ.

ಪ್ಯಾಕೇಜಿನ ವಿಷಯಕ್ಕೆ ಬಂದರೆ, ಒಂದು ಬೆಳೆ ಪೂರ್ತಿ ಒಂದು ಪುಸ್ತಕ ಇಡಿ. ಯಾವತ್ತು ನೀರು ಬಿಟ್ಟಿರಿ, ಯಾವತ್ತು ಔಷಧಿ ಹೊಡೆದಿರಿ, ಯಾಕೆ ಅವತ್ತೇ ಮಾಡಿದಿರಿ, ನಷ್ಟ ಎಲ್ಲಿ ಆಯಿತು ಅಂತ ಬರೆಯಿರಿ. ಬೆಳೆ ಮುಗಿದ ಮೇಲೆ ಓದಿ ನೋಡಿ. ಆ ಯಂತ್ರ ಇದ್ದಿದ್ದರೆ ಇವುಗಳಲ್ಲಿ ಯಾವ ನಿರ್ಧಾರ ಬೇರೆ ಆಗುತ್ತಿತ್ತು? ನೀರು ನಿಂತು ಬೇರು ಕೊಳೆತದ್ದೇ ನಿಮ್ಮ ದೊಡ್ಡ ನಷ್ಟ ಆಗಿದ್ದರೆ, ತೇವಾಂಶದ ಸೆನ್ಸರ್ "ಒದ್ದೆ ಇದೆ" ಅಂತ ಹೇಳುತ್ತದೆ. ಅದು ನಿಮ್ಮ ಕಾಲಿಗೇ ಗೊತ್ತಾಗುತ್ತದೆ.

ಪ್ರಶ್ನೆ: ಮಣ್ಣಿನ ತೇವಾಂಶದ ಸೆನ್ಸರ್ ಹಾಕಿಸಿದ್ದೇನೆ. ಮಣ್ಣು ಮುಟ್ಟಿದರೆ ಹದ ಇದೆ, ಫೋನಿನಲ್ಲಿ ಮಾತ್ರ ಒಣಗಿದೆ ಅಂತ ತೋರಿಸುತ್ತದೆ. ಯಾರನ್ನು ನಂಬಲಿ?

ಕೈಯನ್ನು. ಸದ್ಯಕ್ಕೆ.

ನಾನು ಇದೇ ತಪ್ಪು ಮಾಡಿ ಒಂದು ಪಾತಿ ಟೊಮೆಟೊ ಕಳೆದುಕೊಂಡಿದ್ದೇನೆ. ಸೆನ್ಸರ್ ಕೂರಿಸಲು ಬಂದ ಹುಡುಗ ಅವಸರದಲ್ಲಿ ಗುಂಡಿ ತೋಡಿ, ಒಳಗಿಟ್ಟು, ಮೇಲೆ ಹೆಂಟೆ ಮುಚ್ಚಿ ಹೋದ. ಸೆನ್ಸರಿನ ಕಡ್ಡಿಗೂ ಮಣ್ಣಿಗೂ ನಡುವೆ ಗಾಳಿ ಉಳಿದಿತ್ತು. ಗಾಳಿಯನ್ನು ಅದು ಒಣ ಮಣ್ಣು ಅಂತ ಓದಿತು. ಫೋನ್ ಹೇಳಿದ ಹಾಗೆ ನಾನು ನೀರು ಬಿಡುತ್ತಲೇ ಹೋದೆ, ಎಲೆ ಹಳದಿ ತಿರುಗಿದಾಗಲೂ ನೀರು ಸಾಲದು ಅಂದುಕೊಂಡೆ. ಕಿತ್ತು ನೋಡುವಷ್ಟರಲ್ಲಿ ಬೇರು ಕಪ್ಪಾಗಿತ್ತು. ಆ ಹದಿನೈದು ದಿನ ನಾನು ಒಂದು ಸಲವೂ ಕೈ ಹಾಕಿ ಮಣ್ಣು ತೆಗೆದು ನೋಡಲಿಲ್ಲ. ಇವತ್ತಿಗೂ ಆ ಪಾತಿ ಕಂಡರೆ ಬೇಸರ ಆಗುತ್ತದೆ.

ಈಗ ನಾನು ಮಾಡುವುದು ಹೀಗೆ. ಸೆನ್ಸರ್ ಕೂರಿಸುವ ಜಾಗದ ಮಣ್ಣನ್ನೇ ಪುಡಿ ಮಾಡಿ, ನೀರಲ್ಲಿ ಕಲಸಿ ಕೆಸರು ಮಾಡಿ, ಗುಂಡಿಗೆ ಹಾಕಿ ಅದರೊಳಗೆ ಕೂರಿಸುತ್ತೇನೆ. ಒಂದೇ ಜಾಗದಲ್ಲಿ ಎರಡು ಆಳಕ್ಕೆ ಹಾಕುತ್ತೇನೆ: ಒಂದು ಬೇರು ಜಾಸ್ತಿ ಇರುವಲ್ಲಿ, ಇನ್ನೊಂದು ಅದರ ಕೆಳಗೆ. ಮೇಲಿನದು ಒಣಗಿದಾಗ ನೀರು ಬಿಡು ಅನ್ನುತ್ತದೆ, ನೀರು ಬಿಟ್ಟ ಮೇಲೆ ಕೆಳಗಿನದೂ ಏರುತ್ತಿದ್ದರೆ ಗೊಬ್ಬರ ಸಮೇತ ನೀರು ಬೇರು ದಾಟಿ ಹೋಗುತ್ತಿದೆ ಅಂತ ಅರ್ಥ. ಈ ಎರಡನೆಯ ಸುದ್ದಿಯೇ ಬೆಲೆ ಬಾಳುವಂಥದ್ದು, ಯಾಕೆಂದರೆ ಅದು ಕೈಗೆ ಸಿಗುವುದಿಲ್ಲ.

ಫೋನಿನಲ್ಲಿ ಬರುವ ಶೇಕಡಾ ಸಂಖ್ಯೆಯನ್ನು ಹಾಗೇ ನಂಬಬೇಡಿ. ಅಗ್ಗದ ಸೆನ್ಸರ್‌ಗಳು ಮಣ್ಣಿನ ವಿದ್ಯುತ್ ಗುಣ ಅಳೆದು ನೀರಿನ ಅಂದಾಜು ಮಾಡುತ್ತವೆ, ಮಣ್ಣಲ್ಲಿ ಉಪ್ಪು ಜಾಸ್ತಿ ಇದ್ದರೆ ಲೆಕ್ಕ ತಪ್ಪುತ್ತದೆ. ಒಂದು ಸಲ ಚೆನ್ನಾಗಿ ನೀರು ಬಿಟ್ಟು ಒಂದೆರಡು ದಿನ ಬಸಿಯಲು ಬಿಟ್ಟು ಆಗ ಬರುವ ಸಂಖ್ಯೆ ಬರೆದಿಟ್ಟುಕೊಳ್ಳಿ, ಗಿಡ ಬಾಡಲು ಶುರು ಮಾಡುವ ಮುಂಚೆ ಬರುವ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ನಿಮ್ಮ ಹೊಲದ ಭಾಷೆ ಆ ಎರಡು ಸಂಖ್ಯೆಗಳ ನಡುವೆ ಇದೆ.

ಇನ್ನೊಂದು ಮಾತು. ಟೆನ್ಸಿಯೋಮೀಟರ್ ಅಂತ ಹಳೆಯ ಸಾಧನ ಇದೆ. ತುದಿಯಲ್ಲಿ ಸಣ್ಣ ರಂಧ್ರಗಳ ಪಿಂಗಾಣಿ ಬಟ್ಟಲು, ಕೊಳವೆ ತುಂಬ ನೀರು, ಮೇಲೊಂದು ಮುಳ್ಳಿನ ಮೀಟರ್. ಬ್ಯಾಟರಿ ಬೇಡ, ಸಿಮ್ ಬೇಡ. ನೀರಿಗಾಗಿ ಬೇರು ಎಷ್ಟು ಬಲ ಹಾಕಿ ಎಳೆಯಬೇಕು ಅನ್ನುವುದನ್ನೇ ಅದು ತೋರಿಸುತ್ತದೆ. ಆ ಎಳೆತ ಮೀಟರಿನಲ್ಲಿ 80 ಸೆಂಟಿಬಾರ್ ದಾಟಿದರೆ ಒಳಗೆ ಗಾಳಿ ಸೇರಿ ಕೆಲಸ ನಿಲ್ಲಿಸುತ್ತದೆ, ಹಾಗಾಗಿ ಪೂರ್ತಿ ಒಣಗುವ ಜಿಗುಟು ಮಣ್ಣಿಗೆ ಆಗುವುದಿಲ್ಲ. ಮರಳು ಮಿಶ್ರಿತ ಮಣ್ಣಲ್ಲಿ ತರಕಾರಿ ಬೆಳೆಯುವವರು ಇದನ್ನೊಮ್ಮೆ ಬಳಸಿ ನೋಡಿ.

ಪ್ರಶ್ನೆ: ನಾವು ಭತ್ತದವರು. ಸ್ಮಾರ್ಟ್ ಕೃಷಿ ಅಂದರೆ ಬರೀ ತೋಟದವರ, ಪಾಲಿಹೌಸ್‌ನವರ ಮಾತು ಅನಿಸುತ್ತದೆ. ಗದ್ದೆಗೆ ಏನಾದರೂ ಇದೆಯಾ?

ಇದೆ. ನನಗೆ ತುಂಬ ಇಷ್ಟವಾದ ಉದಾಹರಣೆಯೇ ಗದ್ದೆಯದು. ಅದೊಂದು ಪ್ಲಾಸ್ಟಿಕ್ ಪೈಪಿನ ತುಂಡು.

ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಬೆಳೆಸಿ ಹರಡಿದ ಪದ್ಧತಿ ಇದು. ಸುಮಾರು 30 ಸೆಂ.ಮೀ. ಉದ್ದದ, ಕೈ ಹೋಗುವಷ್ಟು ಅಗಲದ ಪೈಪು. ಕೆಳಭಾಗಕ್ಕೆ ಸುತ್ತ ತೂತು ಹಾಕಿ, 20 ಸೆಂ.ಮೀ. ಗದ್ದೆಯೊಳಗೆ ಇಳಿಸಿ, ಒಳಗಿನ ಮಣ್ಣು ತೆಗೆಯಿರಿ. ಈಗ ಮಣ್ಣೊಳಗೆ ನೀರು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಮೇಲಿನ ನೀರು ಇಂಗಲಿ ಬಿಡಿ. ಪೈಪಿನಲ್ಲಿ ನೀರು ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗೆ ಇಳಿದಾಗ ಮತ್ತೆ ನೀರು ಬಿಡಿ, ಐದು ಸೆಂ.ಮೀ. ನಿಂತರೆ ಸಾಕು. ನಾಟಿ ಮಾಡಿದ ಮೊದಲ ಒಂದೆರಡು ವಾರ ಕಳೆ ಬರದ ಹಾಗೆ ನೀರು ನಿಲ್ಲಿಸಿ, ಹೂವಾಡುವ ವಾರದಲ್ಲಂತೂ ಗದ್ದೆ ಒಣಗಲು ಬಿಡಲೇಬೇಡಿ. ಇಳುವರಿ ಕಡಿಮೆಯಾಗದೆ ಶೇ 30ರವರೆಗೆ ನೀರು ಉಳಿಯುತ್ತದೆ. ನಿಂತ ನೀರಿನಡಿ ಗಾಳಿ ಇಲ್ಲದ ಮಣ್ಣಲ್ಲಿ ಹುಟ್ಟುವ, ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಕೂಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಹವಾಮಾನಕ್ಕೆ ಹೊಂದಿಕೊಳ್ಳುವುದು, ಹವಾಮಾನ ಕೆಡಿಸುವುದನ್ನು ಕಡಿಮೆ ಮಾಡುವುದು, ಎರಡೂ ಒಂದು ಪೈಪಿನಲ್ಲಿ! ನೀರು ಬೇಕಾದಾಗ ಸಿಗುವ ಹಾಗಿದ್ದರೆ ಮಾತ್ರ ಇದನ್ನು ಮಾಡಿ. ಕಾಲುವೆ ನೀರು ಹದಿನೈದು ದಿನಕ್ಕೊಮ್ಮೆ ಬರುವ ಕಡೆ ಗದ್ದೆ ಒಣಗಿಸುವ ಧೈರ್ಯ ಬೇಡ.

ಎರಡನೆಯದು ಬೀಜ. ಬೀಜವನ್ನು ಯಾರೂ ತಂತ್ರಜ್ಞಾನ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಅದು ನನಗೆ ಸರಿ ಕಾಣುವುದಿಲ್ಲ. ಭತ್ತ ಮುಳುಗಿದರೆ ಸಾಮಾನ್ಯ ತಳಿ ಗಾಬರಿಯಲ್ಲಿ ಎತ್ತರಕ್ಕೆ ಬೆಳೆಯಲು ಹೋಗಿ ಶಕ್ತಿ ಖಾಲಿ ಮಾಡಿಕೊಂಡು ಸಾಯುತ್ತದೆ. ಸಬ್1 ಅನ್ನುವ ಗುಣ ಇರುವ ತಳಿ ಬೆಳವಣಿಗೆ ನಿಲ್ಲಿಸಿ ಉಸಿರು ಹಿಡಿದು ಕೂರುತ್ತದೆ, ನೀರು ಇಳಿದ ಮೇಲೆ ಚಿಗುರುತ್ತದೆ. ಸುಮಾರು ಎರಡು ವಾರ ಹೀಗೆ ತಡೆಯುತ್ತದೆ. ಇದರ ಹಿಂದಿರುವ ಜೀನ್ ಯಾವುದು ಅಂತ 2006ರಲ್ಲಿ ತಿಳಿಯಿತು. ನೆರೆ ಬರುವ ಗದ್ದೆಗೆ ಇದಕ್ಕಿಂತ ಒಳ್ಳೆಯ ಹೂಡಿಕೆ ನನಗೆ ಗೊತ್ತಿಲ್ಲ.

ಬಿಸಿಯ ಬಗ್ಗೆಯೂ ಯೋಚಿಸಿ. ಹೂವಾಡುವ ಹೊತ್ತಿಗೆ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ. ರಾತ್ರಿ ಬಿಸಿಯೂ ಕಾಡುತ್ತದೆ: ಅದೇ ಸಂಸ್ಥೆಯ ಗದ್ದೆಗಳ ಲೆಕ್ಕ ನೋಡಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಸಿಗೆ ಬೆಳೆಯಲ್ಲಿ ಕನಿಷ್ಠ ತಾಪಮಾನ ಒಂದು ಡಿಗ್ರಿ ಏರಿದಾಗ ಇಳುವರಿ ಶೇ 10ರಷ್ಟು ಇಳಿದಿತ್ತು. ಹೂವಾಡುವ ವಾರ ಸುಡುಬಿಸಿಲಿಗೆ ಸಿಗದ ಹಾಗೆ ನಾಟಿ ದಿನ ಹೊಂದಿಸುವುದು ಪೂರ್ತಿ ಪುಕ್ಕಟೆ.

ಪ್ರಶ್ನೆ: ಎಲೆಯ ಫೋಟೊ ತೆಗೆದರೆ ರೋಗ ಹೇಳುವ ಆ್ಯಪ್ ಬಂದಿದೆ. ಶೇ 99 ಸರಿ ಅಂತಾರೆ. ನಂಬಬಹುದಾ ಮೇಡಂ ಅಥವಾ ಸರ್?

ಸುಳಿವಿಗೆ ಬಳಸಿ, ತೀರ್ಪಿಗೆ ಬೇಡ.

2016ರ ಒಂದು ಪ್ರಸಿದ್ಧ ಪ್ರಯೋಗ ಇದೆ. 14 ಬೆಳೆ, 26 ರೋಗಗಳ 54,306 ಎಲೆ ಚಿತ್ರಗಳನ್ನು ಕಂಪ್ಯೂಟರಿಗೆ ಕಲಿಸಿದರು. ಅದೇ ಥರದ ಚಿತ್ರ ಕೊಟ್ಟು ಪರೀಕ್ಷೆ ಮಾಡಿದಾಗ ಶೇ 99ಕ್ಕಿಂತ ಜಾಸ್ತಿ ಸರಿ ಹೇಳಿತು. ಬೇರೆ ಕಡೆ, ಬೇರೆ ರೀತಿಯಲ್ಲಿ ತೆಗೆದ ಚಿತ್ರ ಕೊಟ್ಟಾಗ ಸುಮಾರು ಶೇ 31ಕ್ಕೆ ಇಳಿಯಿತು. ಕಲಿತದ್ದು ಕಿತ್ತು ತಂದು ಒಂದೇ ಬಣ್ಣದ ಹಿನ್ನೆಲೆಯಲ್ಲಿ ಇಟ್ಟ ಎಲೆಯ ಮೇಲೆ. ಹೊಲದಲ್ಲಿ ನೆರಳು, ಧೂಳು, ಒಂದೇ ಎಲೆಯಲ್ಲಿ ಎರಡು ರೋಗ, ಎಲ್ಲ ಇರುತ್ತದೆ. ಇದನ್ನು ಆ ಸಂಶೋಧಕರೇ ಬಚ್ಚಿಡದೆ ಬರೆದಿದ್ದಾರೆ, ಅದು ಅವರ ದೊಡ್ಡತನ. ಆಮೇಲೆ ಆ್ಯಪ್‌ಗಳು ಸುಧಾರಿಸಿವೆ, ಆದರೂ ಮಾರುವವರು ಹೇಳುವ ಸಂಖ್ಯೆ ಯಾವ ಚಿತ್ರಗಳ ಮೇಲೆ ಬಂದದ್ದು ಅಂತ ಕೇಳಿ. ಕೀಟನಾಶಕದ ಬಾಟಲಿ ಮುಚ್ಚಳ ತೆಗೆಯುವ ಮುಂಚೆ ಎಲೆ ತಿರುಗಿಸಿ ನೋಡಿ, ಗೊತ್ತಿರುವ ಮನುಷ್ಯರನ್ನು ಒಬ್ಬರನ್ನಾದರೂ ಕೇಳಿ.

ಪ್ರಶ್ನೆ: ಉಪಗ್ರಹದ ಚಿತ್ರ ನೋಡಿ ಬೆಳೆಯ ಆರೋಗ್ಯ ಹೇಳುವ ಸೇವೆಗೆ ವರ್ಷಕ್ಕೊಮ್ಮೆ ದುಡ್ಡು ಕಟ್ಟಬೇಕಂತೆ. ನನ್ನದು ಬರೀ ಒಂದು ಎಕರೆ.

ಒಂದು ಎಕರೆಗೆ ಬೇಡ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ, ಹೆಚ್ಚಿನ ಸೇವೆಗಳು ಅದನ್ನೇ ಬಣ್ಣ ಹಾಕಿ ಕೊಡುತ್ತವೆ. ಅದರ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದಗಲ. ನಿಮ್ಮ ಎಕರೆ ಅಂದರೆ ಸುಮಾರು 40 ಚುಕ್ಕೆ, ಅದರಲ್ಲಿ ಅಂಚಿನವು ಬದುವಿನ ಮರ, ಪಕ್ಕದ ಹೊಲ ಎಲ್ಲ ಸೇರಿಸಿಕೊಂಡಿರುತ್ತವೆ. ಐದು ದಿನಕ್ಕೊಮ್ಮೆ ಬರುತ್ತದೆ, ಮೋಡ ಇದ್ದರೆ ಏನೂ ಕಾಣುವುದಿಲ್ಲ, ನಿಮಗೆ ಬೇಕಾಗುವುದು ಮೋಡದ ದಿನಗಳಲ್ಲೇ. ಐವತ್ತು ಎಕರೆ ಇರುವವರಿಗೆ, ಅಥವಾ ಊರಿನ ಹತ್ತಾರು ರೈತರು ಸೇರಿದ ಸಂಘಕ್ಕೆ ಇದು ತುಂಬ ಒಳ್ಳೆಯದು, ಎಲ್ಲಿ ಹೋಗಿ ನೋಡಬೇಕು ಅಂತ ತೋರಿಸುತ್ತದೆ. ಯಾಕೆ ಹಳದಿ ಆಗಿದೆ ಅಂತ ಮಾತ್ರ ಅದು ಹೇಳುವುದಿಲ್ಲ, ನಡೆದೇ ಹೋಗಬೇಕು. ಒಂದು ಎಕರೆ ಸುತ್ತಲು ಹತ್ತು ನಿಮಿಷ ಸಾಕಲ್ವಾ?

ಡ್ರೋನ್ ಬಗ್ಗೆ ಕೇಳಿದವರಿಗೂ ಇಲ್ಲೇ ಹೇಳುತ್ತೇನೆ: ಕೊಳ್ಳಬೇಡಿ, ಬೇಕಾದ ದಿನ ಬಾಡಿಗೆಗೆ ಕರೆಸಿ.

ಪ್ರಶ್ನೆ: ಮೂರು ವರ್ಷದ ಹಿಂದೆ ಪಂಪ್ ಮತ್ತು ವಾಲ್ವ್‌ಗಳಿಗೆ ಆಟೋಮ್ಯಾಟಿಕ್ ವ್ಯವಸ್ಥೆ ಹಾಕಿಸಿದೆ. ಈಗ ಆ ಕಂಪನಿ ಫೋನೇ ಎತ್ತುವುದಿಲ್ಲ, ಆ್ಯಪ್ ತೆರೆಯುವುದಿಲ್ಲ. ಬಾಕ್ಸ್ ಚೆನ್ನಾಗೇ ಇದೆ, ಕೆಲಸ ಮಾತ್ರ ಮಾಡುವುದಿಲ್ಲ. ಏನು ಮಾಡಲಿ?

ನಿಮ್ಮ ಪತ್ರ ಓದಿ ಸಿಟ್ಟು ಬಂತು. ನಿಮ್ಮ ಪಂಪು, ನಿಮ್ಮ ವಾಲ್ವು, ನಿಮ್ಮ ನೀರು, ಆದರೆ ಬೀಗದ ಕೈ ಇನ್ನೊಬ್ಬರ ಹತ್ತಿರ.

ವಾಲ್ವ್‌ಗಳು ಸಾಮಾನ್ಯವಾಗಿ ಎಲ್ಲ ಕಡೆ ಒಂದೇ ಥರದವು, ಹೆಚ್ಚಾಗಿ 24 ವೋಲ್ಟಿನವು. ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಕರೆಸಿ ಅವುಗಳ ಮೇಲೆ ಬರೆದಿರುವುದನ್ನು ಓದಿಸಿ. ಆ ಬಾಕ್ಸ್ ತೆಗೆದು, ಇಂಟರ್‌ನೆಟ್ ಬೇಡದ ಸಾದಾ ಟೈಮರ್ ಕಂಟ್ರೋಲರ್ ಕೂರಿಸಬಹುದು. ಪೈಪು, ವಾಲ್ವು, ವೈರು ಉಳಿಯುತ್ತವೆ. ಪೂರ್ತಿ ದುಡ್ಡು ಹೋಯಿತು ಅಂದುಕೊಳ್ಳಬೇಡಿ.

ಇನ್ನು ಕೊಳ್ಳುವವರು ಕೇಳಿ. ಸಹಿ ಹಾಕುವ ಮುಂಚೆ ಅವರ ಮುಂದೆಯೇ ಸಿಮ್ ತೆಗೆಸಿ. ನೆಟ್‌ವರ್ಕ್ ಇಲ್ಲದಾಗ ಪಂಪು, ವಾಲ್ವು ಕೈಯಲ್ಲಿ ನಡೆಯುತ್ತದಾ? ನಡೆಯದಿದ್ದರೆ ಅಲ್ಲಿಗೇ ಬಿಡಿ. ಸಿಮ್ 2ಜಿ, 3ಜಿ ಮೇಲೆ ಮಾತ್ರ ನಡೆಯುವುದಾ ಅಂತ ಕೇಳಿ, ಬಹಳ ದೇಶಗಳಲ್ಲಿ ಆ ನೆಟ್‌ವರ್ಕ್‌ಗಳನ್ನು ಮುಚ್ಚುತ್ತಿದ್ದಾರೆ. ಎರಡನೇ ವರ್ಷದಿಂದ ಏನೇನು ಕಟ್ಟಬೇಕು, ಬ್ಯಾಟರಿ ಎಷ್ಟು ವರ್ಷ ಬರುತ್ತದೆ, ನಿಮ್ಮ ಹೊಲದ ಲೆಕ್ಕಗಳನ್ನು ನೀವೇ ಇಳಿಸಿಕೊಳ್ಳಬಹುದಾ, ಇವೆಲ್ಲ ಬಾಯಿಮಾತಲ್ಲಿ ಬೇಡ, ಬರೆಸಿಕೊಳ್ಳಿ. ಕೆಟ್ಟರೆ ರಿಪೇರಿ ಯಾರು ಮಾಡಬಹುದು ಅನ್ನುವುದೂ ಸಣ್ಣ ಪ್ರಶ್ನೆ ಅಲ್ಲ. ಅಮೆರಿಕದಲ್ಲಿ ರೈತರು ತಮ್ಮ ಟ್ರ್ಯಾಕ್ಟರ್ ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿ, ಕೊಲೊರಾಡೊ ರಾಜ್ಯದಲ್ಲಿ 2023ರಲ್ಲಿ ಅದಕ್ಕೊಂದು ಕಾನೂನು ಬಂತು. ಅಷ್ಟು ದೊಡ್ಡ ಜಮೀನಿನವರಿಗೇ ಹೋರಾಟ ಬೇಕಾಯಿತು ಅಂದರೆ ನಾವು ಸುಮ್ನೆ ಸಹಿ ಹಾಕಬಾರದು.

ಪ್ರಶ್ನೆ: ನಾನು ಓದು ಮುಗಿಸಿ ಜಮೀನಿಗೆ ಬಂದಿದ್ದೇನೆ. ಒಂದು ಹವಾಮಾನ ಯಂತ್ರ ಹಾಕೋಣ ಅಂದರೆ ಅಪ್ಪ ಬೇಡ ಅನ್ನುತ್ತಾರೆ. ಆಕಾಶ ನೋಡಿದರೆ ನನಗೆ ಗೊತ್ತಾಗುತ್ತದೆ, ಅದಕ್ಕಿಂತ ಇನ್ನೊಂದು ಎಕರೆಗೆ ಡ್ರಿಪ್ ಹಾಕಿ ಬೆಳೆ ಹೆಚ್ಚಿಸೋಣ ಅನ್ನುತ್ತಾರೆ. ಯಾರು ಸರಿ?

ಡ್ರಿಪ್ ವಿಷಯದಲ್ಲಿ ಇಬ್ಬರೂ ಕೂತು ಬೋರ್‌ವೆಲ್ ಲೆಕ್ಕ ಹಾಕಿ. 1960ರ ದಶಕದಲ್ಲಿ ಇಸ್ರೇಲಿನಲ್ಲಿ ಡ್ರಿಪ್ ತಯಾರಿಕೆ ಶುರುವಾದಾಗಿನಿಂದ ನೀರು ಉಳಿಸುವ ಸಾಧನ ಅಂತಲೇ ಅದಕ್ಕೆ ಹೆಸರು. ಗಿಡದ ಮಟ್ಟಿಗೆ ಅದು ನಿಜ. ಆದರೆ ಉಳಿದ ನೀರಲ್ಲಿ ಇನ್ನೊಂದು ಎಕರೆ ಬೆಳೆದರೆ ನೆಲದಡಿಯಿಂದ ತೆಗೆಯುವ ನೀರು ಕಡಿಮೆ ಆಗುವುದಿಲ್ಲ, ಮೊದಲು ಇಂಗಿ ವಾಪಸ್ ಹೋಗುತ್ತಿದ್ದ ನೀರೂ ಈಗ ಬೆಳೆಗೆ ಹೋಗುತ್ತದೆ. ಇದನ್ನು 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಹಲವು ವಿಜ್ಞಾನಿಗಳು ಸೇರಿ ಬರೆದಿದ್ದರು. ಬರದ ವರ್ಷಕ್ಕೆ ಅಂತ ಉಳಿಯಬೇಕಾದ ನೀರನ್ನು ಒಳ್ಳೆಯ ವರ್ಷದಲ್ಲೇ ಖರ್ಚು ಮಾಡಿಬಿಟ್ಟರೆ ಕಷ್ಟ. ಹಾಗಾಗಿ ಆ ಇನ್ನೊಂದು ಎಕರೆ ಸದ್ಯಕ್ಕೆ ಬೇಡ ಅಂತ ನನ್ನ ಮಾತು.

ಹವಾಮಾನ ಯಂತ್ರದ ವಿಷಯದಲ್ಲಿ ಅಪ್ಪನ ಮಾತಲ್ಲೂ ಹುರುಳಿದೆ. ಮಳೆ ಬರುತ್ತದಾ ಅಂತ ಹೇಳುವ ಕೆಲಸ ಆ ಯಂತ್ರದ್ದಲ್ಲ, ಅದು ಮುನ್ಸೂಚನೆಯವರ ಕೆಲಸ, ಅವರು ನಲವತ್ತು ವರ್ಷದಲ್ಲಿ ಪ್ರತಿ ದಶಕಕ್ಕೆ ಸುಮಾರು ಒಂದು ದಿನ ಹೆಚ್ಚು ಮುಂಚೆ ಅಷ್ಟೇ ಸರಿಯಾಗಿ ಹೇಳುವಷ್ಟು ಸುಧಾರಿಸಿದ್ದಾರೆ. ಯಂತ್ರ ಹೇಳುವುದು ನಿಮ್ಮ ಹೊಲದಲ್ಲಿ ರಾತ್ರಿ ಏನಾಯಿತು ಅಂತ. ರೋಗಕ್ಕೆ ಅದೇ ಮುಖ್ಯ. ಬ್ರಿಟನ್ನಿನಲ್ಲಿ ಆಲೂಗಡ್ಡೆಯ ಅಂಗಮಾರಿ ರೋಗಕ್ಕೆ 1956ರಿಂದ ಒಂದು ನಿಯಮ ಇತ್ತು: ಸತತ ಎರಡು ದಿನ ತಾಪಮಾನ 10 ಡಿಗ್ರಿಗಿಂತ ಇಳಿಯದೆ, ದಿನಕ್ಕೆ 11 ಗಂಟೆ ಗಾಳಿಯ ತೇವ ಶೇ 90 ಇದ್ದರೆ ಎಚ್ಚರ. 2017ರಲ್ಲಿ ಅದನ್ನು ತಿದ್ದಿ 11 ಗಂಟೆಯನ್ನು 6 ಗಂಟೆಗೆ ಇಳಿಸಿದರು. ಅರವತ್ತು ವರ್ಷ ನಡೆದ ನಿಯಮವನ್ನೂ ಬದಲಿಸಬೇಕಾಯಿತು. ಅಪ್ಪನ ಆಕಾಶದ ಲೆಕ್ಕವೂ ಒಂದು ನಿಯಮವೇ, ಅವರು ಕಲಿತದ್ದು ಬೇರೆ ಕಾಲದ ಆಕಾಶ ನೋಡಿ. ಇದನ್ನು ಅವರಿಗೆ ನೋವಾಗದ ಹಾಗೆ ಹೇಳಿ.

ಈ ವರ್ಷ ಯಂತ್ರ ಬೇಡ. ಒಂದು ಮಳೆ ಮಾಪಕ, ಗರಿಷ್ಠ-ಕನಿಷ್ಠ ತೋರಿಸುವ ಒಂದು ಥರ್ಮಾಮೀಟರ್ ತನ್ನಿ. ಮಾಪಕವನ್ನು ಮರ, ಗೋಡೆಯಿಂದ ದೂರ ಬಯಲಲ್ಲಿ ನೆಡಿ, ಥರ್ಮಾಮೀಟರ್ ನೆರಳಲ್ಲಿ ಗಾಳಿ ಆಡುವ ಕಡೆ ಇರಲಿ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ ಅಪ್ಪ ಓದಲಿ, ನೀವು ಬರೆದುಕೊಳ್ಳಿ. ಹಿಂದಿನ ಸಂಜೆ ಆಕಾಶ ನೋಡಿ ಅವರು ಏನು ಹೇಳಿದ್ದರು ಅನ್ನುವುದಕ್ಕೂ ಪಕ್ಕದಲ್ಲಿ ಒಂದು ಕಾಲಂ ಇರಲಿ, ಫೋನು ಏನು ಹೇಳಿತ್ತು ಅನ್ನುವುದಕ್ಕೆ ಇನ್ನೊಂದು. ಮಳೆಗಾಲ ಮುಗಿದ ಮೇಲೆ ಆ ಪುಸ್ತಕದ ಫೋಟೊ ತೆಗೆದು ನನಗೆ ಕಳಿಸಿ. ಯಂತ್ರ ಬೇಕಾ ಬೇಡವಾ ಅಂತ ಆಗ ಮೂವರೂ ಕೂತು ನೋಡೋಣ.